ಎಂಜಲು ಕೊಟ್ಟು ಕುಲ ಕೇಳಿದವರು

ಶನಿವಾರ ಮ್ಯೂನಿಕ್‌ನಲ್ಲಿ ಗೆಳತಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಊಟ ಚೆನ್ನಾಗಿತ್ತು, ಅದರ ಬಗ್ಗೆ ದೂರಿಲ್ಲ. ನನ್ನ ದೂರು ಊಟ ಆದಮೇಲಿನದು.

ಎಲೆ ಅಡಿಕೆ ಹಾಕಿಕೊಂಡು ಕೂತಿದ್ದೆವು. ಹಿರಿಯರೊಬ್ಬರು ಫೋನ್ ತೆಗೆದು ಕೈಯಿಂದ ಕೈಗೆ ದಾಟಿಸಿದರು. ಪರದೆ ಮೇಲೆ ಬಣ್ಣಬಣ್ಣದ ಚಕ್ರ. ಡಿಎನ್‌ಎ ಟೆಸ್ಟ್ ಮಾಡಿಸಿದ್ದಾರಂತೆ. ಅದರಲ್ಲಿ ತೆಳ್ಳಗೆ ಒಂದು ನೀಲಿ ಪಟ್ಟಿ, ಯುರೋಪಿನದು, 4 ಪರ್ಸೆಂಟ್. "ನಮ್ಮ ಮನೆತನದವರು ಯಾಕೆ ಇಷ್ಟು ಕೆಂಪಗಿದ್ದಾರೆ ಅಂತ ಈಗ ಗೊತ್ತಾಯ್ತು ನೋಡಿ" ಅಂದರು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ನನ್ನ ಕಡೆ ತಿರುಗಿದರು. "ಮೇಡಂ, ನೀವು ಲ್ಯಾಬಿನವರು, ನೀವೇ ಹೇಳಿ. ನಮ್ಮದು ಪ್ಯೂರ್ ಲೈನ್ ಅಲ್ವಾ?"

ಯುರೋಪಿನ 4 ಪರ್ಸೆಂಟೂ ಬೇಕು, ಪ್ಯೂರ್ ಕೂಡ ಆಗಿರಬೇಕು.

ಇದೇ ಮನುಷ್ಯ ಒಂದು ಗಂಟೆ ಮುಂಚೆ, ಪಲ್ಯದ ಸೌಟು ಯಾರದೋ ಎಲೆಗೆ ತಗುಲಿತು, ಎಂಜಲಾಯ್ತು ಅಂತ ಸೌಟನ್ನೇ ಬದಲಾಯಿಸಿದ್ದರು. ಅಷ್ಟು ಮಡಿ. ಆದರೆ ತಮ್ಮ ಕುಲ ತಿಳಿಯೋದಕ್ಕೆ ಟ್ಯೂಬ್ ತುಂಬ ಎಂಜಲು ಉಗಿದು, ಅಂಚೆಯಲ್ಲಿ ಕಳಿಸಿ, ಮೇಲೆ ಯೂರೋ ಕೂಡ ಕೊಟ್ಟಿದ್ದಾರೆ!

ನಾನು ಹೋದ ತಿಂಗಳು ಇಟಲಿಯ ಬೊಲ್ಜಾನೋಗೆ ಹೋಗಿದ್ದು ನಿಮಗೆ ಗೊತ್ತು. ನೀವೆಲ್ಲ ಬೆಟ್ಟದ ಫೋಟೋಗಳಿಗೆ ಲೈಕ್ ಕೊಟ್ಟಿರಿ. ನಾನು ಹೋಗಿದ್ದು ಹೆಣ ನೋಡೋಕೆ. ಓಟ್ಸಿ. 1991ರ ಸೆಪ್ಟೆಂಬರಿನಲ್ಲಿ ಆಲ್ಪ್ಸ್ ಪರ್ವತದಲ್ಲಿ, 3210 ಮೀಟರ್ ಎತ್ತರದಲ್ಲಿ, ಜರ್ಮನ್ ದಂಪತಿಗೆ ಹಿಮದಲ್ಲಿ ಸಿಕ್ಕ ಮನುಷ್ಯ. ಯಾರೋ ಇತ್ತೀಚೆಗೆ ಬೆಟ್ಟ ಹತ್ತೋಕೆ ಬಂದು ಸತ್ತವನು ಅಂದುಕೊಂಡಿದ್ದರು. ನೋಡಿದರೆ ಸತ್ತು ಸುಮಾರು 5300 ವರ್ಷ. ಎಡ ಭುಜದೊಳಗೆ ಬಾಣದ ತುದಿ. ಯಾರೋ ಹಿಂದಿನಿಂದ ಹೊಡೆದಿದ್ದಾರೆ. ಈಗ ಮೈನಸ್ 6 ಡಿಗ್ರಿ ಕೋಣೆಯಲ್ಲಿ ಮಲಗಿಸಿದ್ದಾರೆ, ಸಣ್ಣ ಕಿಟಕಿಯಿಂದ ಇಣುಕಿ ನೋಡಬೇಕು. ಗರ್ಭಗುಡಿಗೆ ಇಣುಕಿದ ಹಾಗೇ ಆಯ್ತು ನನಗೆ.

ಅದೇ ಮ್ಯೂಸಿಯಂನಲ್ಲಿ ಅವನು ಬದುಕಿದ್ದಾಗ ಹೇಗಿದ್ದ ಅಂತ ಒಂದು ಪೂರ್ತಿ ಆಳೆತ್ತರದ ಗೊಂಬೆ ಇದೆ. 2011ರಲ್ಲಿ ಮಾಡಿಸಿದ್ದು. ಉದ್ದ ಕೂದಲು, ಗಡ್ಡ, ಬಿಸಿಲಿಗೆ ಸ್ವಲ್ಪ ಕಂದಿದ ಬಿಳಿ ಮೈ. ಇವತ್ತು ಆ ಕಡೆ ಕುರಿ ಮೇಯಿಸೋ ಯಾವ ಅಜ್ಜನನ್ನಾದರೂ ತಂದು ನಿಲ್ಲಿಸಿದ ಹಾಗಿದೆ. ಜನ ಅದರ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. "ನಮ್ಮ ಮುತ್ತಜ್ಜ" ಅನ್ನೋ ಮುಖದಲ್ಲಿ.

2012ರಲ್ಲಿ ಮೊದಲ ಸಲ ಅವನ ಡಿಎನ್‌ಎ ಪೂರ್ತಿ ಓದಿದಾಗ, ಪೂರ್ವದ ಹುಲ್ಲುಗಾವಲಿನ ಜನರ ಅಂಶ ಕಂಡಿತ್ತು. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರದ ಉತ್ತರಕ್ಕೆ ದನ ಕುರಿ ಮೇಯಿಸಿಕೊಂಡು, ಗಾಡಿ ಕಟ್ಟಿಕೊಂಡು ಅಲೆಯುತ್ತಿದ್ದ ಯಮ್ನಾಯಾ ಜನರ ಕಡೆಯದು. ಆದರೆ ಆ ಜನ ಮಧ್ಯ ಯುರೋಪಿಗೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದೇ ಓಟ್ಸಿ ಸತ್ತು ಕೆಲವು ನೂರು ವರ್ಷ ಆದಮೇಲೆ. ಸತ್ತವನ ಮೈಗೆ ಆಮೇಲೆ ಬಂದವರ ರಕ್ತ ಹೇಗೆ ಸೇರಿತು? 2023ರಲ್ಲಿ ಮತ್ತೆ ಓದಿದರು. ಹಳೇ ಮಾದರಿಗೆ ಈಗಿನ ಕಾಲದ ಮನುಷ್ಯರ ಡಿಎನ್‌ಎ ಬೆರೆತಿತ್ತು. ಅಂದರೆ ಮುಟ್ಟಿದವರ ಮೈಲಿಗೆ ತಗುಲಿತ್ತು! ಇಪ್ಪತ್ತು ವರ್ಷದಿಂದ ಗ್ಲೌಸ್ ಹಾಕಿಕೊಂಡೇ ಹೊಟ್ಟೆ ಹೊರೆದವಳು ನಾನು. ಇದನ್ನು ಓದಿದ ದಿನ ಎಷ್ಟು ನಕ್ಕಿದ್ದೆ ಅಂದರೆ ಯಜಮಾನರು ಅಡುಗೆಮನೆಯಿಂದ ಬಂದು ನೋಡಿದರು.

ಹೊಸ ಲೆಕ್ಕದಲ್ಲಿ ಬಂದದ್ದು ಇದು. ಅವನ ವಂಶದ ಸುಮಾರು 92 ಪರ್ಸೆಂಟ್ ಅನತೋಲಿಯಾದಿಂದ, ಅಂದರೆ ಈಗಿನ ಟರ್ಕಿಯ ಕಡೆಯಿಂದ ಬಂದ ರೈತರದು. ಉಳಿದ ಸ್ವಲ್ಪ, ಅಲ್ಲಿ ಮೊದಲಿಂದ ಬೇಟೆಯಾಡಿಕೊಂಡಿದ್ದವರದು. ಹುಲ್ಲುಗಾವಲಿನದು ಏನೂ ಇಲ್ಲ. ಮೈಬಣ್ಣ ಗಾಢ ಕಂದು. ಹೆಣ ಹಿಮದಲ್ಲಿ ಬಿದ್ದು ಬಿದ್ದು ಕಪ್ಪಾಗಿದೆ ಅಂದುಕೊಂಡಿದ್ದರು. ಬಹುಪಾಲು ಅದು ಅವನದೇ ಬಣ್ಣ. ತಲೆಯಲ್ಲಿ ಕೂದಲಿಲ್ಲದ್ದಕ್ಕೂ ಹಿಮವನ್ನೇ ಬೈದಿದ್ದರು. ಬೋಳಾಗೋ ಗುಣ ವಂಶದಲ್ಲೇ ಇತ್ತು. ಗೊಂಬೆಯ ಜಡೆ ಸುಳ್ಳು, ಬಣ್ಣವೂ ಸುಳ್ಳು. ಇವತ್ತಿನವರಲ್ಲಿ ಅವನಿಗೆ ಹತ್ತಿರದವರು ಸಾರ್ಡೀನಿಯಾ ದ್ವೀಪದವರು, ಸೆಲ್ಫಿ ತೆಗೆದುಕೊಳ್ಳುತ್ತಿದ್ದವರಲ್ಲ.

ಗೊಂಬೆ ಮಾಡಿದವರನ್ನು ಬೈಯುತ್ತಿಲ್ಲ. ಆಗ ಗೊತ್ತಿದ್ದದ್ದು ಅಷ್ಟು. ಆದರೆ ಗೊತ್ತಿಲ್ಲದ ಜಾಗದಲ್ಲಿ ನಾವು ಏನು ತುಂಬುತ್ತೇವೆ ಅನ್ನೋದೇ ನನ್ನ ತಕರಾರು. ನಮ್ಮದೇ ಮುಖ ತುಂಬುತ್ತೇವೆ. ಪೂರ್ವಿಕ ಅಂದರೆ ನನ್ನ ಹಾಗೇ ಇರಬೇಕು, ನನಗಿಂತ ಸ್ವಲ್ಪ ಬೆಳ್ಳಗಿರಬೇಕು, ತಲೆತುಂಬ ಕೂದಲಿರಬೇಕು.

ಬ್ರಿಟನ್ ಕಥೆಯೂ ಇದೇ. ಅಲ್ಲಿ ಚೆಡ್ಡಾರ್ ಗುಹೆಯಲ್ಲಿ 1903ರಲ್ಲಿ ಸಿಕ್ಕ ಸುಮಾರು 10,000 ವರ್ಷ ಹಳೇ ಮನುಷ್ಯನ ಮೈ ಕಪ್ಪು, ಕಣ್ಣು ತಿಳಿಬಣ್ಣ ಇದ್ದಿರಬಹುದು ಅಂತ 2018ರಲ್ಲಿ ಹೇಳಿದಾಗ ಎಷ್ಟು ಜನರಿಗೆ ಹೊಟ್ಟೆ ಉರಿಯಿತು! ಅವನ ಜನರ ಜಾಗಕ್ಕೆ ಅನತೋಲಿಯಾ ಕಡೆಯ ರೈತರು ಬಂದರು. ಸ್ಟೋನ್‌ಹೆಂಜ್ ಕಲ್ಲು ನಿಲ್ಲಿಸಿದವರು ಈ ರೈತರ ಕಡೆಯವರು. ಆಮೇಲೆ ಇಂದಿಗೆ ಸುಮಾರು 4500 ವರ್ಷದ ಹಿಂದೆ ಮತ್ತೊಂದು ಗುಂಪು ಬಂತು. ಕೆಲವೇ ನೂರು ವರ್ಷದಲ್ಲಿ ಅಲ್ಲಿನ ವಂಶದ ಹತ್ತರಲ್ಲಿ ಒಂಬತ್ತು ಪಾಲು ಬದಲಾಯಿತು. ಈಗ "ನಾವು ಮೂಲ ನಿವಾಸಿಗಳು" ಅಂತ ಬೋರ್ಡ್ ಹಿಡಿಯುವವರು ಮೂರನೇ ಬಸ್ಸಿನಲ್ಲಿ ಬಂದವರು.

ಹಾಗಂತ ಎಲ್ಲ ಕಡೆ ಯಾರೋ ಬಂದರು, ಬಂದರು ಅಂತಲೂ ಅಲ್ಲ. ಚೀನಾದ ತಾರಿಮ್ ಮರುಭೂಮಿಯಲ್ಲಿ 4000 ವರ್ಷ ಹಳೇ ಹೆಣಗಳು ಒಣಗಿ ಹಾಗೇ ಉಳಿದಿವೆ. ಚೂಪು ಮೂಗು, ಕಂದು ಕೂದಲು, ಉಣ್ಣೆ ಬಟ್ಟೆ, ಪಕ್ಕದಲ್ಲಿ ಗಿಣ್ಣು. ಖಂಡಿತ ಪಶ್ಚಿಮದಿಂದ ಬಂದವರು ಅಂತ ಎಷ್ಟೋ ವರ್ಷ ಕಥೆ ಕಟ್ಟಿದರು. 2021ರಲ್ಲಿ ಡಿಎನ್‌ಎ ಓದಿದರೆ ಅಲ್ಲೇ ಏಷ್ಯಾದ ಒಳಗಿನ ಹಳೇ ಬೇಟೆಗಾರರ ಕುಡಿಗಳು, ಹೊರಗಿನವರ ಜೊತೆ ಬೆರಕೆಯೇ ಇಲ್ಲ. ಗಿಣ್ಣು ಮಾಡೋದು ಕಲಿತರು, ಉಣ್ಣೆ ನೇಯೋದು ಕಲಿತರು, ಸಂಬಂಧ ಮಾತ್ರ ಬೆಳೆಸಲಿಲ್ಲ. ಮೂಗು ನೋಡಿ ಊರು ಹೇಳುವವರಿಗೆ ಇದೊಂದೇ ಸಾಕಿತ್ತು, ಆದರೆ ಅವರು ಓದಬೇಕಲ್ಲ.

ಮತ್ತೆ ನಮ್ಮ ಹಿರಿಯರ ಹತ್ತಿರ ಬರುತ್ತೇನೆ. ಆ ಚಕ್ರ ಹೇಳೋದು ಪೂರ್ವಿಕರ ಕಥೆಯೇ ಅಲ್ಲ. ಕಂಪನಿ ಹತ್ತಿರ ಈಗ ಬದುಕಿರುವ ಜನರ ಒಂದಷ್ಟು ಮಾದರಿಗಳಿರುತ್ತವೆ. ನಿಮ್ಮದನ್ನು ಅವುಗಳ ಪಕ್ಕ ಇಟ್ಟು ಯಾರಿಗೆ ಎಷ್ಟು ಹೋಲುತ್ತೆ ಅಂತ ಅಂದಾಜು ಮಾಡುತ್ತಾರೆ. ಮಾದರಿಗಳು ಬದಲಾದರೆ ಪರ್ಸೆಂಟೂ ಬದಲಾಗುತ್ತೆ. ಸಣ್ಣ ಪಟ್ಟಿಗಳಂತೂ ಬಾಡಿಗೆ ಮನೆಯವರ ಹಾಗೆ, ಇವತ್ತು ಇರುತ್ತಾರೆ, ನಾಳೆ ಇಲ್ಲ. ಇದನ್ನೆಲ್ಲ ಅಲ್ಲೇ ಹೇಳಿದೆ. "ಹಾಗಾದ್ರೆ ಇದು ಸುಳ್ಳಾ?" ಅಂದರು. ಸುಳ್ಳಲ್ಲ ಸಾರ್, ಅಂದಾಜು. "ಮತ್ತೆ ದುಡ್ಡು ತಗೊಂಡ್ರಲ್ಲ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಷ್ಟರಲ್ಲಿ ಇನ್ನೊಬ್ಬರು ಶುರು ಮಾಡಿದರು, ಹರಿಯಾಣದ ರಾಖಿಗಢಿಯಲ್ಲಿ ಸಿಕ್ಕ ಹರಪ್ಪ ಕಾಲದ ಡಿಎನ್‌ಎ, ಆರ್ಯರು ಹೊರಗಿನಿಂದ ಬಂದರು ಅನ್ನೋ ಕಥೆ ಮುಗಿಸಿತು ಅಂತ. ಅವರೆದುರು ಕೂತವರು, ಇಲ್ಲ, ರಾಖಿಗಢಿಯೇ ಸಾಬೀತು ಮಾಡಿತು ಅಂತ. ಇಬ್ಬರ ದನಿಯೂ ಏರಿತು. ರಾಖಿಗಢಿಯಲ್ಲಿ 60ಕ್ಕೂ ಹೆಚ್ಚು ಮಾದರಿ ಹುಡುಕಿ, ಕೊನೆಗೆ ಓದಲು ಸಿಕ್ಕಿದ್ದು ಒಬ್ಬ ಹೆಂಗಸಿನದು ಮಾತ್ರ. ಆರ್ಯರ ಜೊತೆ ತಳಕು ಹಾಕುವ ಆ ಹುಲ್ಲುಗಾವಲಿನ ಅಂಶ ಅವಳಲ್ಲಿ ಇಲ್ಲ. ಅದು ನಮ್ಮ ಉಪಖಂಡಕ್ಕೆ ಬಂದದ್ದು ಅವಳ ಕಾಲ ಆದಮೇಲೆ, ಕ್ರಿ.ಪೂ. 2000ರಿಂದ 1500ರ ನಡುವೆ ಅಂತ 2019ರ ಇನ್ನೊಂದು ಅಧ್ಯಯನ ಹೇಳಿತು. ಆಮೇಲೆ ಹೆಚ್ಚುಕಡಿಮೆ ಎಲ್ಲರೂ ಬೆರೆತರು. ಬರೀ ಉತ್ತರದವರಲ್ಲ, ನಾವೂ. ಸುಮಾರು 1900 ವರ್ಷದ ಹಿಂದಿನವರೆಗೂ ಈ ಬೆರಕೆ ನಡೆದೇ ಇತ್ತು, ಆಮೇಲೆ ಗುಂಪುಗುಂಪಾಗಿ ಬಾಗಿಲು ಹಾಕಿಕೊಂಡೆವು ಅಂತ 2013ರ ಲೆಕ್ಕ. ಹುಳಿಗೆ ಬೇಳೆ, ತರಕಾರಿ, ಹುಣಸೆ, ಖಾರ ಎಲ್ಲ ಹಾಕಿ ಕುದಿಸಿ, ಮುಚ್ಚಳ ಮುಚ್ಚಿ, ಇದು ಬರೀ ಬೇಳೆ ಕಣ್ರೀ ಅಂದ ಹಾಗೆ ನಮ್ಮ ಪ್ಯೂರ್ ಲೈನ್.

ಕುತೂಹಲ ತಪ್ಪಾ, ವಿಜ್ಞಾನದವಳಾಗಿ ನೀನೇ ಹೀಗಂದರೆ ಹೇಗೆ ಅಂತ ಕಾಮೆಂಟ್ ಬರುತ್ತೆ, ಗೊತ್ತು. ಕುತೂಹಲ ತಪ್ಪಲ್ಲ. ಆದರೆ ಕುತೂಹಲ ಇದ್ದವನು ಉತ್ತರ ಕೇಳಿ ಬೆರಗಾಗುತ್ತಾನೆ. ಇವರು ಉತ್ತರ ಜೇಬಿನಲ್ಲಿ ಇಟ್ಟುಕೊಂಡೇ ಪ್ರಶ್ನೆ ಕೇಳುತ್ತಾರೆ. ಈ ದೇಶದ ಹಳೇ ಸಾಮಾನಿನ ಸಂತೆಯಲ್ಲಿ ಒಮ್ಮೆ ಒಂದು ಸಣ್ಣ ಪುಸ್ತಕ ನೋಡಿದ್ದೆ. ಆನೆನ್‌ಪಾಸ್. ಹಿಟ್ಲರ್ ಕಾಲದಲ್ಲಿ ಅಜ್ಜ ಅಜ್ಜಿ ಮುತ್ತಜ್ಜರ ಹೆಸರು ತುಂಬಿಸಿ, ಸೀಲು ಹಾಕಿಸಿ, ತಾನು ಆರ್ಯ ಅಂತ ತೋರಿಸಬೇಕಿದ್ದ ಪುಸ್ತಕ. ಮುಖಪುಟದ ಚಿಹ್ನೆ ಕಾಣದ ಹಾಗೆ ಅಂಗಡಿಯವನು ಬೆಲೆಚೀಟಿ ಅಂಟಿಸಿದ್ದ. ಒಳಗೆ ಯಾರದೋ ದುಂಡು ಅಕ್ಷರ, ಅಚ್ಚುಕಟ್ಟಾಗಿ. ವಾಪಸ್ ಇಟ್ಟು ಕೈ ತೊಳೆದುಕೊಂಡೆ.

ಇಷ್ಟೆಲ್ಲ ಬರೆದಮೇಲೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ನಾನೂ ಎಂಜಲು ಕೊಟ್ಟವಳೇ. ಐದು ವರ್ಷದ ಹಿಂದೆ, ಯಜಮಾನರಿಗೂ ಹೇಳದೆ. ನಮ್ಮಜ್ಜಿಯದು ಬೆಕ್ಕಿನ ಕಣ್ಣು. ಯಾವನೋ ಗ್ರೀಕ್ ನಾವಿಕ, ಪೋರ್ಚುಗೀಸ್ ವ್ಯಾಪಾರಿ ಇರಬಹುದು ಅಂತ ಚಿಕ್ಕಂದಿನಿಂದ ಆಸೆ. ತಿಪಟೂರಿಗೆ ಯಾವ ಹಡಗು ಬರಬೇಕಿತ್ತೋ! ಚಕ್ರ ಬಂತು. ಪೂರ್ತಿ ಒಂದೇ ಬಣ್ಣ, ದಕ್ಷಿಣ ಭಾರತ. ಮೂರು ದಿನ ಬೇಜಾರಿನಲ್ಲಿದ್ದೆ. ಮೈಕ್ರೋಸ್ಕೋಪಿನ ಮುಂದೆ ಕೂತು, ಎಲ್ಲ ಗೊತ್ತಿದ್ದೂ, ಬೇಜಾರು. ಅಜ್ಜಿ ಇದ್ದಿದ್ದರೆ ನದಿಮೂಲ ಋಷಿಮೂಲ ಕೇಳಬಾರದು ಕಣೇ ಅಂತ ತಲೆಗೆ ಮೊಟಕುತ್ತಿದ್ದಳು. ಶನಿವಾರ ಆ ಹಿರಿಯರ ಮೇಲೆ ಅಷ್ಟು ಸಿಟ್ಟು ಬಂದದ್ದು ಅವರಿಗೆ ಸಿಕ್ಕಿದ 4 ಪರ್ಸೆಂಟ್ ನನಗೆ ಸಿಗಲಿಲ್ಲ ಅಂತಲೂ ಇರಬಹುದು.

ಸಾರ್, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮನೆಯವರು ಒಬ್ಬಟ್ಟು ತುಂಬಿಸಿಕೊಂಡು ಹೋದ ಸ್ಟೀಲ್ ಡಬ್ಬಿ ನನ್ನದು, ಮುಂದಿನ ಸಲ ತನ್ನಿ. ಕಲೆಸಿಹೋಗಿದ್ದರೆ ಮುಚ್ಚಳ ತಿರುಗಿಸಿ ನೋಡಿ. ಅಮ್ಮನ ಹೆಸರು, ತಿಪಟೂರು, 1978 ಅಂತ ಕೊರೆಸಿದೆ.