ಕಮೋಡು ಬಿಸಿ, ಮನೆ ತಣ್ಣಗೆ

ಸಂಬಂಧಿಕರ ವಾಟ್ಸಾಪ್ ಗ್ರೂಪಿಗೆ ಇವತ್ತು ಬೆಳಿಗ್ಗೆ ಒಂದು ವಿಡಿಯೊ ಬಂತು. ಜಪಾನಿನ ಕಮೋಡು. ಕೂತರೆ ಸೀಟು ಬಿಸಿ, ಬಟನ್ ಒತ್ತಿದರೆ ನೀರೂ ಬಿಸಿ. ಕೆಳಗೆ ಚಿಕ್ಕಪ್ಪನ ಷರಾ: 'ನಮ್ಮವರು ನೋಡಿ ಕಲೀಬೇಕು.' ನಾನು ಆಗ ಇಲ್ಲಿ ಟೋಕಿಯೊ ಪಕ್ಕದ ಸೈತಾಮಾದ ನಮ್ಮನೆಯಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಕಾಫಿ ಕಾಸುತ್ತಿದ್ದೆ. ಅಡುಗೆಮನೆಯಲ್ಲಿ 7 ಡಿಗ್ರಿ. ಬಾಯಿಂದ ಹೊಗೆ ಬರುತ್ತಿತ್ತು.

ಹೌದು ಚಿಕ್ಕಪ್ಪ, ಸೀಟು ಬಿಸಿ ಇದೆ. ಇಡೀ ಮನೆಯಲ್ಲಿ ಬಿಸಿ ಇರೋದು ಅದೊಂದೇ.

ಇಲ್ಲೇನು ಆಳೆತ್ತರ ಹಿಮ ಬೀಳಲ್ಲ. ಟೋಕಿಯೊ ಕಡೆ ಜನವರಿ ರಾತ್ರಿ ಸೊನ್ನೆಯ ಆಸುಪಾಸು, ಅಷ್ಟೇ. ನನ್ನ ಸಿಟ್ಟು ಚಳಿಯ ಮೇಲಲ್ಲ, ಕಿಟಕಿಯ ಮೇಲೆ. ಅಲ್ಯೂಮಿನಿಯಂ ಚೌಕಟ್ಟು, ಅದಕ್ಕೆ ಒಂದೇ ಪದರದ ಗಾಜು. ಅದರ ಪಕ್ಕ ಕೂತರೆ ಬೆನ್ನಿಗೆ ಯಾರೋ ಐಸ್ ಇಟ್ಟ ಹಾಗಾಗುತ್ತದೆ. ಬೆಳಿಗ್ಗೆ ಎದ್ದರೆ ಗಾಜಿನ ತುಂಬಾ ನೀರು. ಕೆಳಗಿನ ಸಂದಿಯಲ್ಲಿ ನಿಂತದ್ದನ್ನು ಹಳೇ ಟವೆಲಿನಲ್ಲಿ ಒರೆಸಿ, ಹಿಂಡಿ, ಮತ್ತೆ ಒರೆಸಬೇಕು. ಸೋಮಾರಿತನ ಮಾಡಿದರೆ ಪರದೆಯ ಹಿಂದೆ ಕಪ್ಪು ಬೂಷ್ಟು.

ಎಸಿಯ ಬಿಸಿಗಾಳಿ ಹಾಕಿದರೆ ಅದು ಚಾವಣಿಯಲ್ಲೇ ಸುತ್ತುತ್ತದೆ. ತಲೆ ಬೆಚ್ಚಗೆ, ಪಾದ ಮರಗಟ್ಟಿದ ಹಾಗೆ. ಅಕ್ಕಪಕ್ಕದವರು 18 ಲೀಟರಿನ ಕೆಂಪು ಕ್ಯಾನಿನಲ್ಲಿ ಸೀಮೆಎಣ್ಣೆ ತಂದು ಸ್ಟವ್ ಉರಿಸುತ್ತಾರೆ. ಕೆಟ್ಟ ಗಾಳಿ ಹೋಗಲಿ ಅಂತ ಆಗಾಗ ಕಿಟಕಿಯನ್ನೂ ತೆಗೆಯುತ್ತಾರೆ. ಭಲೇ! ನಮ್ಮ ಬಾಡಿಗೆ ಕರಾರಿನಲ್ಲಿ ಆ ಸ್ಟವ್ ಉರಿಸೋಕೂ ಅನುಮತಿ ಇಲ್ಲ.

'ಅವರು ಮನೆ ಬಿಸಿ ಮಾಡಲ್ಲ, ಮನುಷ್ಯನನ್ನು ಬಿಸಿ ಮಾಡ್ತಾರೆ, ಕರೆಂಟು ಉಳಿತಾಯ' ಅಂತ ಒಬ್ಬ ಗೆಳೆಯ ನನಗೆ ಪಾಠ ಮಾಡಿದ. ಕೇಳೋಕೆ ಚೆನ್ನಾಗಿದೆ. ಕೊತಾತ್ಸು ಅಂತ ಒಂದು ಗಿಡ್ಡ ಮೇಜು, ಅಡಿಯಲ್ಲಿ ಹೀಟರು, ಮೇಲೆ ದಪ್ಪ ರಜಾಯಿ. ಕಾಲು ಒಳಗಿಟ್ಟರೆ ಸ್ವರ್ಗ, ಒಪ್ಪಿದೆ. ಭಾನುವಾರ ಅದರೊಳಗೆ ಸೇರಿದರೆ ನಾನು ಸಂಜೆವರೆಗೂ ಏಳಲ್ಲ, ಮಾತಾಡಿಸಿದವರ ಮೇಲೆ ರೇಗುತ್ತೇನೆ. ಆದರೆ ಸ್ನಾನಕ್ಕೆ ಏಳಲೇಬೇಕಲ್ಲ? ಕೊರೆಯುವ ಬಚ್ಚಲಲ್ಲಿ ಬಟ್ಟೆ ಬಿಚ್ಚಿ, 42 ಡಿಗ್ರಿ ನೀರಿನ ತೊಟ್ಟಿಗೆ ಇಳಿಯಬೇಕು. ವಯಸ್ಸಾದವರ ಬಿಪಿ ಒಮ್ಮೆಲೇ ಏರಿ ಇಳಿದು, ಪ್ರಜ್ಞೆ ತಪ್ಪಿ ಮುಳುಗುತ್ತಾರೆ. ಇಲ್ಲಿ 65 ದಾಟಿದವರಲ್ಲಿ ರಸ್ತೆ ಅಪಘಾತಕ್ಕಿಂತ ಮನೆಯ ತೊಟ್ಟಿಯಲ್ಲಿ ಮುಳುಗಿ ಸಾಯುವವರೇ ಜಾಸ್ತಿ. ಇದು ಯಾವ ಸೀಮೆ ಉಳಿತಾಯ? ಮಲೆನಾಡಿನ ನಮ್ಮಜ್ಜಿಯ ಬಚ್ಚಲುಮನೆ ಹೊಗೆ ಹಿಡಿದು ಕಪ್ಪಾಗಿತ್ತು ನಿಜ. ಆದರೆ ಹಂಡೆ ಒಲೆ ಉರಿಯುತ್ತಿತ್ತು. ಮಳೆಗಾಲದಲ್ಲಿ ಮನೆಯ ಅತೀ ಬೆಚ್ಚಗಿನ ಜಾಗ ಅದೇ.

ಇನ್ನೊಂದು ಸಮಜಾಯಿಷಿ: ಬೇಸಿಗೆಯ ಸೆಕೆಗೆ ಹೊಂದುವ ಹಾಗೆ ಮನೆ ಕಟ್ಟೋದು ಇಲ್ಲಿನ ಹಳೇ ಪದ್ಧತಿಯಂತೆ. ಸರಿ ಸ್ವಾಮಿ, ಮರದ ಮನೆ, ಕಾಗದದ ಬಾಗಿಲು ಇದ್ದ ಕಾಲಕ್ಕೆ ಅದು ಸರಿ. ನಮ್ಮದು ಕಾಂಕ್ರೀಟ್ ಡಬ್ಬಿ. ಬೇಸಿಗೆಯಲ್ಲಿ ಬೇಯುತ್ತದೆ, ಚಳಿಗಾಲದಲ್ಲಿ ಕೊರೆಯುತ್ತದೆ.

ಗೊತ್ತಿಲ್ಲದೆ ಹೀಗೆ ಮಾಡಿದ್ದಾರಾ? ಅದೂ ಅಲ್ಲ. ಜಪಾನಿನ ಉತ್ತರ ತುದಿಯ ಹಿಮದ ದ್ವೀಪ ಹೊಕ್ಕೈದೊದಲ್ಲಿ ಎರಡು ಪದರದ ಕಿಟಕಿ, ದಪ್ಪ ಗೋಡೆ ಮಾಮೂಲು. ನಮ್ಮ ಆಫೀಸಿನಲ್ಲಿ ಅಲ್ಲಿನ ಸಪ್ಪೊರೊ ನಗರದ ಹುಡುಗನೊಬ್ಬನಿದ್ದಾನೆ. ಹೊರಗೆ ಹಿಮ ಸುರಿಯುವಾಗ ಅವನ ಮನೆಯವರು ಟೀ ಶರ್ಟಿನಲ್ಲಿ ಕೂತು ಐಸ್‌ಕ್ರೀಮ್ ತಿನ್ನುತ್ತಾರಂತೆ. ಟೋಕಿಯೊಗೆ ಬಂದ ಮೇಲೆಯೇ ಮನೆಯೊಳಗೆ ನಡುಗೋದು ಕಲಿತಿದ್ದು ಅಂತಾನೆ. ಬುಲೆಟ್ ರೈಲು ಓಡಿಸಿದ್ದು 1964ರಲ್ಲಿ. ಆ ಬಿಸಿ ಸೀಟಿನ ವಾಷ್‌ಲೆಟ್ ಬಂದದ್ದು 1980ರಲ್ಲಿ. ಹೊಸ ಮನೆಗಳೆಲ್ಲ ಬಿಸಿ ಸೋರದ ಹಾಗೆ ಇರಲೇಬೇಕು ಅಂತ ಕಡ್ಡಾಯ ಮಾಡಿದ್ದು? ಏಪ್ರಿಲ್ 2025. ಅದೂ ಹೊಸದಕ್ಕೆ ಮಾತ್ರ. ನಮ್ಮಂಥ ಹಳೇ ಬಾಡಿಗೆ ಮನೆಯವರು ಗುಳ್ಳೆ ಪ್ಲಾಸ್ಟಿಕ್ ತಂದು ಗಾಜಿಗೆ ಅಂಟಿಸಿಕೊಳ್ಳಬೇಕು. ನಾನೂ ಅಂಟಿಸಿದ್ದೇನೆ. ಈಗ ಹೊರಗಿನ ಆಕಾಶವೂ ಕಾಣಲ್ಲ.

ಹಳೇ ಮನೆಗೆ ಒಳಗಡೆ ಇನ್ನೊಂದು ಕಿಟಕಿ ಕೂರಿಸಲು 2023ರಿಂದ ಸರ್ಕಾರ ಸಬ್ಸಿಡಿ ಕೊಡುತ್ತಿದೆ. ಓನರಿಗೆ ಅದನ್ನು ತಿಳಿಸಿದೆ. ಬಹಳ ವಿನಯದಿಂದ ಉತ್ತರ ಬಂತು: 'ಮಾರ್ಚ್ ಬಂದರೆ ಬೆಚ್ಚಗಾಗುತ್ತದೆ.'

ಈ ಕಡೆ ಇರುವ ಕನ್ನಡಿಗರೇ, ಓನರನ್ನು ಒಪ್ಪಿಸಿ ಒಳಕಿಟಕಿ ಹಾಕಿಸಿಕೊಂಡವರು ಯಾರಾದರೂ ಇದ್ದೀರಾ? ಏನು ಹೇಳಿ ಒಪ್ಪಿಸಿದಿರಿ ಅಂತ ಕಾಮೆಂಟಿನಲ್ಲಿ ಬರೀರಿ. 'ಸ್ವೆಟರ್ ಹಾಕ್ಕೊಳ್ಳಿ' ಅಂದವರನ್ನು ಬ್ಲಾಕ್ ಮಾಡಲಾಗುವುದು.