ವಠಾರದ ಇಂಗ್ಲಿಷು

ಹೋದ ವಾರ ಆಫೀಸಿನ ವಿಡಿಯೊ ಕಾಲ್‌ನಲ್ಲಿ, ಗುರುವಾರದ ಮೀಟಿಂಗನ್ನು ‘ಪ್ರಿಪೋನ್’ ಮಾಡೋಣವೇ ಎಂದು ಕೇಳಿದೆ. ಮೂರು ವರ್ಷದಿಂದ ನಮ್ಮ ಜೊತೆ ಏಗುತ್ತಿರುವ ಜಪಾನಿನವನು ತಲೆಯಾಡಿಸಿದ. ಬ್ರೆಜಿಲಿನವಳು ಕ್ಯಾಲೆಂಡರ್ ತೆಗೆದಳು. ಲಂಡನ್ನಿನವನು ಮಾತ್ರ ಕಿವಿಗೆ ಕೈ ಇಟ್ಟು ‘ಸಾರಿ?’ ಅಂದ. ಭಾಷೆ ಅವನದೇ!

ಜಗತ್ತಿನಲ್ಲಿ ಸುಮಾರು 150 ಕೋಟಿ ಜನ ಇಂಗ್ಲಿಷ್ ಮಾತಾಡುತ್ತಾರೆ ಅಂತ ಒಂದು ಅಂದಾಜು. ಅದು ಮನೆಮಾತಾಗಿರುವುದು ಹೆಚ್ಚೂಕಮ್ಮಿ 40 ಕೋಟಿ ಜನರಿಗೆ. ಮಿಕ್ಕವರೆಲ್ಲ ನನ್ನಂಥ ಬಾಡಿಗೆದಾರರು. ನಮ್ಮ ದೇಶದಲ್ಲಂತೂ 2011ರ ಜನಗಣತಿಯಲ್ಲಿ ಇಂಗ್ಲಿಷ್ ತಾಯಿನುಡಿ ಎಂದು ಬರೆಸಿದವರು ಎರಡೂವರೆ ಲಕ್ಷದ ಆಸುಪಾಸು. ಎರಡನೇ, ಮೂರನೇ ಭಾಷೆ ಅಂದವರನ್ನೂ ಸೇರಿಸಿದರೆ ಹತ್ತಿರ ಹತ್ತಿರ 13 ಕೋಟಿ.

ಬಾಡಿಗೆದಾರರು ಇಷ್ಟು ಜಾಸ್ತಿಯಾದರೆ ಗೋಡೆಗೆ ಎಲ್ಲೆಂದರಲ್ಲಿ ಮೊಳೆ ಬೀಳುತ್ತದೆ, ಅಲ್ವಾ? ಜರ್ಮನಿಯಲ್ಲಿ ಮೊಬೈಲು ‘ಹ್ಯಾಂಡಿ’. ದಕ್ಷಿಣ ಆಫ್ರಿಕಾದಲ್ಲಿ ದಾರಿ ಕೇಳಿದರೆ ‘ರೋಬೋಟ್ ಹತ್ತಿರ ಎಡಕ್ಕೆ ತಿರುಗಿ’ ಅಂತಾರೆ. ರೋಬೋಟ್ ಅಂದರೆ ಟ್ರಾಫಿಕ್ ಸಿಗ್ನಲ್. ನೈಜೀರಿಯಾದಲ್ಲಿ ಟ್ರಾಫಿಕ್ ಜಾಮಿಗೆ ‘ಗೋ ಸ್ಲೋ’. ಬೆಂಗಳೂರಿನವರು ಸುಮ್ನೆ ಎತ್ತಿಕೊಳ್ಳಬಹುದಾದ ಮಾತು.

ನಮ್ಮ ಜಪಾನಿನವನು ಒಮ್ಮೆ ತಾನಿರುವುದು ‘ಮ್ಯಾನ್ಶನ್’ನಲ್ಲಿ ಅಂದಿದ್ದ. ಅರಮನೆಯೇ ಇರಬೇಕು ಅಂದುಕೊಂಡೆ. ಒಂದು ದಿನ ಅವನ ಬೆನ್ನ ಹಿಂದೆ ಕುರ್ಚಿಯ ಮೇಲೆ ಒಣಹಾಕಿದ ಸಾಕ್ಸು, ಅದರಾಚೆ ಅರ್ಧ ತೆರೆದ ಫ್ರಿಜ್ಜು ಕಂಡವು. ಅವರಲ್ಲಿ ಮ್ಯಾನ್ಶನ್ ಅಂದರೆ ಕಾಂಕ್ರೀಟ್ ಕಟ್ಟಡದ ಫ್ಲ್ಯಾಟು.

ಹೋಗಲಿ, ಮಾಲೀಕರಾದರೂ ಒಮ್ಮತದಲ್ಲಿದ್ದಾರಾ? ಒಂದು ವಿಷಯವನ್ನು ‘ಟೇಬಲ್’ ಮಾಡಿ ಅಂದರೆ ಬ್ರಿಟನ್ನಿನಲ್ಲಿ ಈಗಲೇ ಚರ್ಚಿಸಿ ಅಂತ. ಅಮೆರಿಕದಲ್ಲಿ, ಸದ್ಯಕ್ಕೆ ಬಿಡಿ ಅಂತ.

ನನಗೆ ಖುಷಿ ಕೊಟ್ಟಿದ್ದು ವಿಮಾನದವರ ಇಂಗ್ಲಿಷು. ರೇಡಿಯೊದಲ್ಲಿ ಅಂಕಿ ಹೇಳುವಾಗ ಪೈಲಟ್‌ಗಳು ‘ತ್ರೀ’ ಅನ್ನದೆ ‘ಟ್ರೀ’ ಅನ್ನಬೇಕು ಅಂತ ನಿಯಮವೇ ಇದೆ. ‘ಫೈವ್’ ಅಲ್ಲ, ‘ಫೈಫ್’. ‘ನೈನ್’ ಅಲ್ಲ, ‘ನೈನರ್’. ಗರಗರ ಸದ್ದಿನಲ್ಲೂ ಒಂದು ಇನ್ನೊಂದರಂತೆ ಕೇಳಬಾರದಲ್ಲ! ಇದೇ ‘ಟ್ರೀ’ಗಾಗಿ ನಾಲ್ಕನೇ ಕ್ಲಾಸಿನಲ್ಲಿ ನಾನು ಬೆರಳ ಗಂಟಿನ ಮೇಲೆ ಸ್ಕೇಲಿನೇಟು ತಿಂದಿದ್ದೇನೆ.

ಅಂದಹಾಗೆ, ‘ಪ್ರಿಪೋನ್’ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ. ಅದನ್ನು ಲಂಡನ್ನಿನವನಿಗೆ ಹೇಳಿಯೂ ಹೇಳಿದೆ. ಗುರುವಾರದ ಮೀಟಿಂಗು ಒಂದು ಗಂಟೆ ಮುಂಚೆಯೇ ಶುರುವಾಗಿ ಮುಗಿಯಿತು. ಅವನು ಹಳೇ ಟೈಮಿಗೆ ಸರಿಯಾಗಿ ಬಂದ.