ಸಣ್ಣ ಜಗಳಕ್ಕೆ ಸಣ್ಣ ಬಾಗಿಲು ಇರಲಿ

ನಾನಿರುವ ಇಂಗ್ಲೆಂಡಿನಲ್ಲಿ ಸಿವಿಲ್ ಕೇಸಿಗೆ ಎದುರಾಳಿ ಉತ್ತರ ಕೊಟ್ಟ ಮೇಲೆ ಕೋರ್ಟು ಮೊದಲು ಜಗಳದ ಗಾತ್ರ ನೋಡುತ್ತದೆ. ಇದಕ್ಕೆ ಎಷ್ಟು ಸಮಯ ಕೊಡಬೇಕು, ಎಷ್ಟು ಖರ್ಚು ಮಾಡಿದರೆ ನ್ಯಾಯ ಅಂತ ಲೆಕ್ಕ ಹಾಕುತ್ತದೆ. ಯಾರು ಸರಿ, ಯಾರು ತಪ್ಪು ಅನ್ನುವುದು ಆಮೇಲೆ. ಈ ಒಂದು ಪದ್ಧತಿ ನನಗೆ ತುಂಬಾ ಹಿಡಿಸಿದೆ.

10,000 ಪೌಂಡ್‌ವರೆಗಿನ ಹಣದ ತಗಾದೆ ಸಾಮಾನ್ಯವಾಗಿ ಸ್ಮಾಲ್ ಕ್ಲೇಮ್ಸ್, ಅಂದರೆ ಸಣ್ಣ ತಗಾದೆಗಳ ದಾರಿಗೆ ಹೋಗುತ್ತದೆ. ಅಲ್ಲಿಂದ 25,000ದವರೆಗೆ ಫಾಸ್ಟ್ ಟ್ರ್ಯಾಕ್. ಒಂದು ಲಕ್ಷ ಪೌಂಡ್‌ವರೆಗಿನ ಕೇಸುಗಳಿಗೆ 2023ರ ಅಕ್ಟೋಬರ್‌ನಲ್ಲಿ ಇನ್ನೊಂದು ದಾರಿ ಮಾಡಿದರು. ಅದಕ್ಕೂ ದೊಡ್ಡದು ಅಥವಾ ಬಹಳ ತೊಡಕಿನದು ಮಲ್ಟಿ ಟ್ರ್ಯಾಕ್‌ಗೆ. ಅಲ್ಲಿನ ಹಿರಿಯ ನ್ಯಾಯಾಧೀಶ ಲಾರ್ಡ್ ವುಲ್ಫ್ 1996ರಲ್ಲಿ ಕೊಟ್ಟ ವರದಿಯಿಂದ ಹುಟ್ಟಿ, 1999ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ನಿಯಮಗಳ ಫಲ ಇದು.

ಸ್ಮಾಲ್ ಕ್ಲೇಮ್ಸ್‌ನ ನಿಜವಾದ ಶಕ್ತಿ ಖರ್ಚಿನ ನಿಯಮದಲ್ಲಿದೆ. ದೊಡ್ಡ ಕೇಸುಗಳಲ್ಲಿ ಸೋತವರು ಗೆದ್ದವರ ವಕೀಲರ ಖರ್ಚಿನ ಬಹುಪಾಲು ಕೊಡಬೇಕು. ಸಣ್ಣ ಕೇಸಿನಲ್ಲಿ ಹಾಗಿಲ್ಲ. ಕೋರ್ಟ್ ಶುಲ್ಕ, ಓಡಾಟದ ಖರ್ಚು, ಕೆಲಸಕ್ಕೆ ರಜೆ ಹಾಕಿದ್ದಕ್ಕೆ ಒಂದಿಷ್ಟು ಬರಬಹುದು, ವಕೀಲರ ಫೀಸು ಮಾತ್ರ ಸಾಮಾನ್ಯವಾಗಿ ಬರುವುದಿಲ್ಲ. ಹಾಗಾಗಿ ಹೆಚ್ಚಿನವರು ವಕೀಲರನ್ನು ಇಡುವುದೇ ಇಲ್ಲ. ನಮ್ಮ ಗೆಳೆಯರೊಬ್ಬರು ಬಚ್ಚಲುಮನೆ ರಿಪೇರಿಗೆ ಮುಂಗಡ ಕೊಟ್ಟಿದ್ದರು. ಕೆಲಸದವನು ಅರ್ಧಕ್ಕೇ ಬಿಟ್ಟುಹೋದ. ಕೇಸ್ ಹಾಕಿದ ಮೇಲೆ ಅವರ ಜೊತೆ ನಾನೂ ಹೋಗಿದ್ದೆ. ಒಂದು ಸಾದಾ ಕೋಣೆ, ಒಂದು ಮೇಜು, ಎದುರಿಗೆ ನ್ಯಾಯಾಧೀಶರು. ಕರಿಕೋಟು ಇಲ್ಲ, ಪೀಠ ಇಲ್ಲ. "ಏನಾಯ್ತು, ಹೇಳಿ" ಅಂತ ಅವರೇ ಕೇಳಿದರು. ಮೆಸೇಜು, ಫೋಟೋ, ಬ್ಯಾಂಕಿನ ಕಾಗದ ನೋಡಿದರು. ಅವತ್ತೇ ತೀರ್ಪು ಹೇಳಿದರು.

2024ರ ಮೇ ತಿಂಗಳಿಂದ ಹಣದ ಸಣ್ಣ ತಗಾದೆಗಳಿಗೆ ಮಧ್ಯಸ್ಥಿಕೆಯನ್ನೂ ಕಡ್ಡಾಯ ಮಾಡಿದ್ದಾರೆ. ಒಂದು ಗಂಟೆ ಫೋನಿನಲ್ಲಿ, ಪುಕ್ಕಟೆ. ಮಧ್ಯಸ್ಥರು ಇಬ್ಬರಿಗೂ ಬೇರೆ ಬೇರೆಯಾಗಿ ಕರೆ ಮಾಡುತ್ತಾರೆ. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ, ಕೂಗಾಡಬೇಕಾಗಿಲ್ಲ. ರಾಜಿ ಆಗದಿದ್ದರೆ ಕೇಸು ಮುಂದಕ್ಕೆ ಹೋಗುತ್ತದೆ.

ಇಷ್ಟೆಲ್ಲ ಓದಿ, ಅಲ್ಲಿಯವರು ಬುದ್ಧಿವಂತರು, ನಮಗೆ ಇಂಥದ್ದು ಹೊಳೆದೇ ಇಲ್ಲ ಅಂದುಕೊಳ್ಳಬೇಡಿ. ಕರ್ನಾಟಕದ ಕೆಳಹಂತದ ನ್ಯಾಯಾಲಯಗಳಿಗೆ 2005ರಲ್ಲೇ ಇದೇ ರೀತಿಯ ನಿಯಮ ಬಂದಿದೆ. ನಾಲ್ಕು ಟ್ರ್ಯಾಕ್. ಜೀವನಾಂಶ, ಮಕ್ಕಳ ಪಾಲನೆ, ಬಾಡಿಗೆ ವಸೂಲಿ, ಶಾಶ್ವತ ತಡೆಯಾಜ್ಞೆ ಮೊದಲ ಟ್ರ್ಯಾಕ್‌ನಲ್ಲಿ, ಒಂಬತ್ತು ತಿಂಗಳಲ್ಲಿ ಮುಗಿಯಬೇಕು. ವಿಚ್ಛೇದನ, ಮನೆ ಖಾಲಿ ಮಾಡಿಸುವ ದಾವೆ, ಡಿಕ್ರಿ ಅಮಲ್ಜಾರಿ ಎರಡನೆಯದರಲ್ಲಿ, ಒಂದು ವರ್ಷ. ಪಾಲು ದಾವೆ, ಕ್ರಯದ ಕರಾರಿನ ದಾವೆ ಮೂರನೆಯದರಲ್ಲಿ, ಎರಡು ವರ್ಷ. ಉಳಿದದ್ದೆಲ್ಲ ನಾಲ್ಕನೆಯದಕ್ಕೆ. ವಿಂಗಡಣೆ ಚೆನ್ನಾಗಿಯೇ ಇದೆ. ಆದರೆ ಪಾಲು ದಾವೆ ಎರಡು ವರ್ಷದಲ್ಲಿ ಮುಗಿದದ್ದನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ?

ನನಗೆ ಕಾಣುವ ಕಾರಣ ಇದು. ನಾವು ಕೇಸಿಗೆ ಗಡುವು ಹಾಕಿದೆವು, ಕೇಸು ನಡೆಯುವ ರೀತಿಯನ್ನು ಮಾತ್ರ ಬದಲಿಸಲಿಲ್ಲ. ಬಾಡಿಗೆ ಮನೆಗೆ ಕೊಟ್ಟ ಅರವತ್ತು ಸಾವಿರ ರೂಪಾಯಿ ಅಡ್ವಾನ್ಸ್ ವಾಪಸ್ ಕೇಳುವವನೂ, ಆರು ಎಕರೆ ತೋಟದ ಪಾಲು ಕೇಳುವವನೂ ಹೆಚ್ಚುಕಡಿಮೆ ಅದೇ ಮೆಟ್ಟಿಲು ಹತ್ತಬೇಕು. ಅದೇ ವಕಾಲತ್ತು, ಅದೇ ಲಿಖಿತ ಹೇಳಿಕೆ, ಅದೇ ಪಾಟೀಸವಾಲು, ಅದೇ ವಾಯಿದೆ. ಒಬ್ಬರಿಗೆ ಮೂರಕ್ಕಿಂತ ಜಾಸ್ತಿ ವಾಯಿದೆ ಕೊಡಬಾರದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಬರೆದಿದೆ. ಕೋರ್ಟಿಗೆ ಅಲೆದವರಿಗೆ ಅದರ ಕಥೆ ಗೊತ್ತು. ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮ ಹಿರಿಯರು ಹೇಳಿದ್ದು ಸುಮ್ನೆ ಅಲ್ಲ.

ಎಲ್ಲ ಕೇಸನ್ನೂ ಅವಸರದಲ್ಲಿ ಓಡಿಸಬೇಕು ಅಂತ ನಾನು ಹೇಳುತ್ತಿಲ್ಲ. ಪಾಲು ದಾವೆಗೆ ಸಮಯ ಬೇಕೇ ಬೇಕು. ಮೂರು ತಲೆಮಾರಿನ ವಂಶವೃಕ್ಷ, ಹಳೇ ಪಹಣಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹಕ್ಕು, ಇವನ್ನು ಒಂದೇ ದಿನದಲ್ಲಿ ಮೇಜಿನ ಮುಂದೆ ಕೂತು ತೀರ್ಮಾನಿಸಿದರೆ ಅನ್ಯಾಯವಾಗುತ್ತದೆ. ಅಲ್ಲಿಯೂ ಸುಮ್ನೆ ಕಳೆದುಹೋಗುವ ಕಾಲ ಇದೆ, ನಿಜ. ಯಾರಿಗೆ ಎಷ್ಟು ಪಾಲು ಅಂತ ಹೇಳುವ ಪ್ರಾಥಮಿಕ ಡಿಕ್ರಿ ಆದ ಮೇಲೆ ಯಾರಾದರೂ ಬೇರೆ ಅರ್ಜಿ ಹಾಕಲಿ ಅಂತ ಕಾಯಬೇಡಿ, ಆಸ್ತಿ ಹಂಚಿಕೊಡುವ ಅಂತಿಮ ಡಿಕ್ರಿಯತ್ತ ನೀವೇ ಸಾಗಿ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ವಿಚಾರಣಾ ನ್ಯಾಯಾಲಯಗಳಿಗೆ ಹೇಳಿದೆ. ಸಣ್ಣ ಕೇಸುಗಳು ಬೇರೆ ಬಾಗಿಲಿನಿಂದ ಹೋದರೆ ಇಂಥ ಭಾರದ ಕೇಸುಗಳಿಗೆ ನ್ಯಾಯಾಧೀಶರ ಗಮನ ಸಿಗುತ್ತದೆ, ಅಲ್ವಾ?

ಇಂಗ್ಲೆಂಡಿನ ಕೊರತೆಯನ್ನೂ ಹೇಳಲೇಬೇಕು. ಇತ್ತೀಚಿನ ವರ್ಷಗಳಲ್ಲಿ ಸ್ಮಾಲ್ ಕ್ಲೇಮ್ಸ್ ವಿಚಾರಣೆಗೆ ಸರಾಸರಿ ಒಂದು ವರ್ಷದಷ್ಟು ಕಾಯಬೇಕಾಗಿದೆ. ಶುಲ್ಕವೂ ಭಾರ. 10,000 ಪೌಂಡಿನ ತಗಾದೆ ದಾಖಲಿಸಲು 455 ಪೌಂಡ್, ವಿಚಾರಣೆಗೆ ಮತ್ತೆ ಬೇರೆ. ಕೆಲಸದ ಜಗಳಗಳನ್ನು ನೋಡುವ ಟ್ರಿಬ್ಯುನಲ್‌ಗೂ 2013ರಲ್ಲಿ ಶುಲ್ಕ ಹಾಕಿದ್ದರು. ದೂರು ಕೊಡುವವರ ಸಂಖ್ಯೆಯೇ ಕುಸಿಯಿತು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಈ ವಿಷಯದಲ್ಲಿ ನಮ್ಮ ಗ್ರಾಹಕ ಆಯೋಗಗಳು ಎಷ್ಟೋ ಮೇಲು. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವೇ ಇಲ್ಲ, ವಕೀಲರಿಲ್ಲದೆ ನಾವೇ ವಾದ ಮಾಡಬಹುದು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಮೇಲ್ಮನವಿಯ ತಲೆನೋವೂ ಇಲ್ಲ.

ಹಾಗಾದರೆ ಬಾಡಿಗೆ ಅಡ್ವಾನ್ಸಿಗೆ ಯಾಕೆ ಇಂಥ ಒಂದು ಜಾಗ ಇಲ್ಲ? ಇಂಗ್ಲೆಂಡಿನಲ್ಲಿ 2007ರಿಂದ ಮನೆ ಮಾಲೀಕರು ಡೆಪಾಸಿಟ್ಟನ್ನು ಸರ್ಕಾರ ಒಪ್ಪಿದ ಯೋಜನೆಯೊಂದರಡಿ ಭದ್ರಪಡಿಸಬೇಕು. ಈಗ ಅದಕ್ಕೆ ಮೂವತ್ತು ದಿನದ ಗಡುವು. ತಪ್ಪಿದರೆ ಡೆಪಾಸಿಟ್ಟಿನ ಒಂದರಿಂದ ಮೂರು ಪಟ್ಟು ದಂಡ ತೆರಬೇಕು. ಗೋಡೆಗೆ ಬಣ್ಣ, ಮುರಿದ ಬಾಗಿಲು ಅಂತ ಜಗಳವಾದರೆ ಆ ಯೋಜನೆಯವರೇ ಪುಕ್ಕಟೆಯಾಗಿ ತೀರ್ಮಾನ ಕೊಡುತ್ತಾರೆ. ಇಂಥ ಸಾವಿರಾರು ಜಗಳ ಕೋರ್ಟಿಗೆ ಬರುವುದೇ ಇಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಟ್ಟು, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು, ರಿಪೇರಿ ಅಂತ ಇನ್ನೊಂದಿಷ್ಟು ಮುರಿದುಕೊಂಡರೂ ಹುಡುಗರು ಹಲ್ಲು ಕಚ್ಚಿಕೊಂಡು ಬೇರೆ ಮನೆಗೆ ಹೋಗುತ್ತಾರೆ. ಕೇಸ್ ಹಾಕುವ ಖರ್ಚೇ ಜಾಸ್ತಿ ಅಂತ ಅವರಿಗೂ ಗೊತ್ತು, ಮಾಲೀಕರಿಗೂ ಗೊತ್ತು.

ಕರ್ನಾಟಕದಲ್ಲಿ ಸಣ್ಣ ಮೊತ್ತದ ದಾವೆಗಳಿಗೆ ಅಂತಲೇ 1964ರ ಸ್ಮಾಲ್ ಕಾಸ್ ಕೋರ್ಟ್ ಕಾಯ್ದೆ ಇದೆ. ಬೆಂಗಳೂರಿನಲ್ಲಿ ಆ ಹೆಸರಿನ ನ್ಯಾಯಾಲಯವೇ ಇದೆ, ಆದರೆ ವಾಹನ ಅಪಘಾತದ ಪರಿಹಾರದ ಕೇಸುಗಳೇ ಅದರ ತುಂಬಾ. ಅಲ್ಲೇ ಅಡ್ವಾನ್ಸಿನ ತಗಾದೆಗೆ ಒಂದೆರಡು ಕೋಣೆ ಬಿಡಲಿ. ಕನ್ನಡದಲ್ಲಿ ಒಂದು ಪುಟದ ಅರ್ಜಿ ಸಾಕು ಅನ್ನಲಿ. ಬಾಡಿಗೆ ಕರಾರು, ಬ್ಯಾಂಕಿನ ದಾಖಲೆ, ಮನೆ ಬಿಟ್ಟ ದಿನದ ಫೋಟೋ ಇಟ್ಟುಕೊಂಡು ಇಬ್ಬರನ್ನೂ ಕೂರಿಸಿ ಕೇಳಲಿ. ವಕೀಲರ ಖರ್ಚನ್ನು ಯಾರೂ ಯಾರಿಗೂ ಕೊಡಬೇಕಿಲ್ಲ ಅಂತ ಮೊದಲೇ ಹೇಳಿಬಿಡಲಿ. ಒಂದು ವರ್ಷ ಬೆಂಗಳೂರಿನಲ್ಲಿ ಮಾಡಿ ನೋಡಿ, ಆಮೇಲೆ ಮೈಸೂರು, ಹುಬ್ಬಳ್ಳಿ, ಮಂಗಳೂರಿಗೆ ತರಲಿ.